ಬಾಯಿಮಾತಿನ ಮೊಹರು

1964ರ ಅಕ್ಟೋಬರ್ 23, ಶುಕ್ರವಾರ. ಬಾಂಬೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಎಂ. ತಾರ್ಕುಂಡೆ ಅವರ ಮುಂದೆ ಒಂದು ಮಾನನಷ್ಟ ಮೊಕದ್ದಮೆಯ ವಿಚಾರಣೆ ನಡೆದಿತ್ತು. ಸಾಕ್ಷಿಕಟ್ಟೆ ಹತ್ತಿದ ವ್ಯಾಪಾರಿಗೆ ಅದು ಎರಡನೇ ಸರದಿ. ಒಮ್ಮೆ ಸಾಕ್ಷಿ ಹೇಳಿ ಹೋಗಿದ್ದವರನ್ನು ಮತ್ತೆ ಕರೆಸಲಾಗಿತ್ತು. ಪ್ರಶ್ನೆ ಶುರುವಾಗುವ ಮೊದಲೇ ಅವರು ಜಡ್ಜ್ ಸಾಹೇಬರಲ್ಲಿ ಒಂದು ಕೋರಿಕೆ ಇಟ್ಟರು. ಹಿಂದಿನ ಸಲ ತಾನು ಹೇಳಿದ್ದೆಲ್ಲ ಪತ್ರಿಕೆಗಳಲ್ಲಿ ಬಂದು ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ, ಈ ಸಲ ತನ್ನ ಸಾಕ್ಷ್ಯ ಪತ್ರಿಕೆಗಳಲ್ಲಿ ಬಾರದಂತೆ ನೋಡಿಕೊಳ್ಳಬೇಕು ಎಂಬುದೇ ಆ ಕೋರಿಕೆ.

ಎರಡೂ ಕಡೆಯ ವಕೀಲರು ವಾದಿಸಿದರು. ಜಡ್ಜ್ ಕೇಳಿಸಿಕೊಂಡು, ಈ ಸಾಕ್ಷಿಯ ಹೇಳಿಕೆ ಪ್ರಕಟವಾಗಕೂಡದು ಎಂದು ಬಾಯಿಮಾತಿನಲ್ಲೇ ಆದೇಶಿಸಿದರು. ದಿನಪತ್ರಿಕೆಗಳಲ್ಲಿ ಈ ಮೊಕದ್ದಮೆಯ ಸುದ್ದಿ ನಾಲ್ಕು ಸಾಲು ಬರುತ್ತದೆ, ಪೂರ್ತಿ ವರದಿ ಹಾಕುವುದು 'ಬ್ಲಿಟ್ಜ್' ಮಾತ್ರ ಎಂದು ಯಾರೋ ಗಮನಕ್ಕೆ ತಂದರು. ಆಗ ಜಡ್ಜ್ ಅಲ್ಲೇ ಇದ್ದ ಬ್ಲಿಟ್ಜ್ ವರದಿಗಾರನಿಗೆ ನೇರವಾಗಿ, ಇದನ್ನು ಹಾಕಬೇಡಿ ಎಂದರು. ಮುಂದೆ ವಕೀಲರು ಲಿಖಿತ ಆದೇಶ ಕೊಡಿ ಎಂದು ಕೇಳಿದಾಗಲೂ ಸಿಕ್ಕಿದ್ದು ಒಂದೇ ಉತ್ತರ: ಹೇಳಬೇಕಾದ್ದನ್ನು ಹೇಳಿಯಾಗಿದೆ, ಪಾಲನೆ ಆಗುತ್ತದೆಂದು ಭಾವಿಸುತ್ತೇನೆ.

ವ್ಯಾಪಾರದ ಗುಟ್ಟು ಕೋರ್ಟಿನ ಕಡತದಿಂದ ಹೊರಬೀಳದಂತೆ ಮೊಹರು ಹಾಕುವುದು ಈಗ ನಮ್ಮ ದೇಶದಲ್ಲಿ ದಿನನಿತ್ಯದ ಸಂಗತಿ. ಮುಚ್ಚಿದ ಲಕೋಟೆ ಎಂಬ ಮಾತು ಪತ್ರಿಕೆ ಓದುವ ಯಾರಿಗೂ ಹೊಸದಲ್ಲ. ಆದರೆ ಸಾಕ್ಷಿಯ ವ್ಯಾಪಾರಕ್ಕೆ ನಷ್ಟ ಎಂಬ ಕಾರಣ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಹೋಗಿ ಗೆದ್ದು ಬಂದದ್ದು, ಕಾಗದದ ಮೇಲೆ ಒಂದಕ್ಷರವೂ ಇಲ್ಲದ ಈ ಆದೇಶದ ಬೆನ್ನು ಹತ್ತಿ.

ಮೊಕದ್ದಮೆಯ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಆರ್.ಕೆ. ಕರಂಜಿಯಾ 1941ರಲ್ಲಿ ಬೊಂಬಾಯಿಯಲ್ಲಿ ಶುರುಮಾಡಿದ ಬ್ಲಿಟ್ಜ್ ಆ ಕಾಲದ ಅತಿ ಗದ್ದಲದ ವಾರಪತ್ರಿಕೆ. ದಪ್ಪಕ್ಷರದ ತಲೆಬರಹ, ದೊಡ್ಡವರ ಬುಡಕ್ಕೆ ಕೈಹಾಕುವ ವರದಿ, ಕೊನೆಯ ಪುಟದಲ್ಲಿ ಕೆ.ಎ. ಅಬ್ಬಾಸರ ಅಂಕಣ. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಕೊಲೆ ಮೊಕದ್ದಮೆ ನಡೆಯುತ್ತಿದ್ದಾಗ ಕಾಲು ರೂಪಾಯಿಯ ಈ ಪತ್ರಿಕೆ ಎರಡು ರೂಪಾಯಿಗೆ ಕೈಬದಲಾಯಿಸಿತ್ತು ಎನ್ನುತ್ತಾರೆ. ಕೋರ್ಟಿನ ಕಲಾಪವನ್ನು ಧಾರಾವಾಹಿಯ ಹಾಗೆ ಉಣಬಡಿಸುವುದು ಅದಕ್ಕೆ ಕರಗತವಾಗಿತ್ತು. ನ್ಯಾಯಾಧೀಶರಿಗೆ ಅದರ ಮೇಲೆ ಪ್ರೀತಿ ಇದ್ದಿರಲಾರದು; ಇರಬೇಕಾದ ಕಾರಣವೂ ಇರಲಿಲ್ಲ ಅನ್ನಿ.

1960ರ ಸೆಪ್ಟೆಂಬರ್ 24ರ ಸಂಚಿಕೆಯಲ್ಲಿ ಬ್ಲಿಟ್ಜ್ 'ಮುಂದ್ರಾಗಿಂತ ದೊಡ್ಡ ಹಗರಣ' ಎಂಬರ್ಥದ ತಲೆಬರಹ ಕೊಟ್ಟು ಜವಳಿ ಉದ್ಯಮಿ ಕೃಷ್ಣರಾಜ್ ಠಾಕರ್ಸಿ ಅವರ ಮೇಲೆ ಲೇಖನ ಹಾಕಿತು. ಅವರು ಪಾಲುದಾರರಾಗಿದ್ದ ಸಂಸ್ಥೆ ಕೈಮಗ್ಗದವರಿಗೆಂದು ಕೃತಕ ರೇಷ್ಮೆ ನೂಲಿನ ಆಮದು ಲೈಸೆನ್ಸ್ ಪಡೆದು, ಅದನ್ನು ಕಾಳಸಂತೆಗೆ ಬಿಟ್ಟಿತು ಎಂಬುದು ಆರೋಪಗಳಲ್ಲೊಂದು. ಠಾಕರ್ಸಿ 3 ಲಕ್ಷ ರೂಪಾಯಿ ಪರಿಹಾರ ಕೇಳಿ ಕರಂಜಿಯಾ ಮೇಲೆ ದಾವೆ ಹೂಡಿದರು. 1960ರ 3 ಲಕ್ಷ!

ಕೃತಕ ರೇಷ್ಮೆ ನೂಲು ಎಂದರೆ ನಮ್ಮ ಇಳಕಲ್ಲಿನ, ದೊಡ್ಡಬಳ್ಳಾಪುರದ ಮಗ್ಗಗಳವರಿಗೆ ವಿವರಿಸಿ ಹೇಳಬೇಕಿಲ್ಲ. ಅಂದಿನ ಲೈಸೆನ್ಸ್ ರಾಜ್ಯದಲ್ಲಿ ಅಂಥ ಆಮದು ಲೈಸೆನ್ಸಿಗೆ ನೂಲಿನ ಬೆಲೆಯ ಮೇಲೆ ತನ್ನದೇ ಒಂದು ಬೆಲೆ ಇತ್ತು. ಲೈಸೆನ್ಸ್ ಯಾರ ಹೆಸರಿಗೆ ಬಂತು, ನೂಲು ಯಾರ ಮಗ್ಗಕ್ಕೆ ಹೋಯಿತು ಎಂಬ ಎರಡು ಪ್ರಶ್ನೆಗಳ ನಡುವೆ ಬೇಕಾದಷ್ಟು ದುಡ್ಡು ಓಡಾಡುತ್ತಿತ್ತು. ಹಾಗೆ ಕೈಬದಲಾದ ಒಂದು ಲೈಸೆನ್ಸನ್ನು ಕೊಂಡವರು ಎಂದು ಕರಂಜಿಯಾ ಕಡೆಯವರು ಬೊಟ್ಟು ಮಾಡಿದ್ದು ನಾನು ಮೊದಲು ಹೇಳಿದ ವ್ಯಾಪಾರಿಯನ್ನು. ತಮ್ಮ ಸಾಕ್ಷಿಯಾಗಿ ಅವರನ್ನೇ ಕರೆಸಿದರು. ಅವರು ಕಟ್ಟೆ ಹತ್ತಿ ಎಲ್ಲವನ್ನೂ ಅಲ್ಲಗಳೆದುಬಿಟ್ಟರು. ಕರೆಸಿದವರೇ ತಮ್ಮ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಅನುಮತಿ ಬೇಡುವ ಸ್ಥಿತಿ ಬಂತು, ಅನುಮತಿ ಸಿಕ್ಕಿತು. ಇದೆಲ್ಲ ಪತ್ರಿಕೆಗಳಲ್ಲಿ ವಿಸ್ತಾರವಾಗಿ ಬಂತು. ಆಮೇಲೆ ಗೊತ್ತಾಯಿತು, 1951ರ ಇನ್ನೊಂದು ದಾವೆಯಲ್ಲಿ ಇದೇ ವ್ಯಾಪಾರಿ ಸಲ್ಲಿಸಿದ್ದ ಅಫಿಡವಿಟ್ ಒಂದಿದೆ, ಅದು ಬ್ಲಿಟ್ಜ್ ಹೇಳುವುದಕ್ಕೆ ಬಲ ಕೊಡುತ್ತದೆ ಎಂದು. ಅದಕ್ಕೇ ಅವರನ್ನು ಮತ್ತೆ ಕರೆಸಿದ್ದು.

ಅಂದರೆ ಆ ಶುಕ್ರವಾರ ಮುಚ್ಚಿಹೋದದ್ದು ಕೈಗಾರಿಕೆಯ ಸೂತ್ರವಲ್ಲ, ಗಿರಾಕಿಗಳ ಪಟ್ಟಿಯಲ್ಲ, ಹೊಸ ಯಂತ್ರದ ನಕ್ಷೆಯೂ ಅಲ್ಲ. ಪ್ರಮಾಣ ಮಾಡಿ ಅಂದು ಹೇಳಿದ್ದಕ್ಕೂ ಇಂದು ಹೇಳುತ್ತಿರುವುದಕ್ಕೂ ತಾಳೆ ಇದೆಯೇ ಎಂಬ ಪ್ರಶ್ನೆಗೆ ಒಬ್ಬ ಮನುಷ್ಯ ಕೊಡಬೇಕಿದ್ದ ಉತ್ತರ.

'ಮುಂದ್ರಾಗಿಂತ ದೊಡ್ಡದು' ಎಂಬ ಹೋಲಿಕೆ ಬೊಂಬಾಯಿಯವರಿಗೆ ಥಟ್ಟನೆ ತಲುಪುವಂಥದ್ದು. ಹರಿದಾಸ್ ಮುಂದ್ರಾನ ಆರು ಕಂಪನಿಗಳಲ್ಲಿ ಜೀವವಿಮಾ ನಿಗಮ ಸುಮಾರು ಒಂದೂಕಾಲು ಕೋಟಿ ರೂಪಾಯಿ ತೊಡಗಿಸಿದ್ದನ್ನು ಫಿರೋಜ್ ಗಾಂಧಿ 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಬಯಲಿಗೆಳೆದಿದ್ದರು. ತನಿಖೆಗೆ ನೇಮಕವಾದವರು ಇದೇ ಬಾಂಬೆ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ. ಚಾಗ್ಲಾ ವಿಚಾರಣೆಯನ್ನು ಬಹಿರಂಗವಾಗಿಯೇ ನಡೆಸಿದರು. ಒಳಗೆ ಜಾಗ ಸಾಲದೆ ಹೊರಗೆ ನಿಂತ ಜನರಿಗಾಗಿ ಧ್ವನಿವರ್ಧಕ ಹಾಕಿಸಿದರು. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ, ದೊಡ್ಡ ದೊಡ್ಡ ಅಧಿಕಾರಿಗಳು, ಷೇರುಪೇಟೆಯವರು ಹೇಳಿದ್ದನ್ನೆಲ್ಲ ಬೀದಿಯಲ್ಲಿ ನಿಂತವರು ಕೇಳಿದರು. ಒಂದು ತಿಂಗಳೊಳಗೆ ವರದಿ ಬಂತು, 1958ರ ಫೆಬ್ರುವರಿಯಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಅಲ್ಲಿ ಹೊರಬಿದ್ದದ್ದೂ ಷೇರಿನ ಬೆಲೆ, ಕಂಪನಿಯ ಸಾಲ, ದಲ್ಲಾಳಿಯ ಓಡಾಟ; ವ್ಯಾಪಾರದ ಒಳಸುದ್ದಿಯೇ. ಏಳು ವರ್ಷ ಕಳೆಯುವುದರೊಳಗೆ ಅದೇ ಊರಿನಲ್ಲಿ ಧ್ವನಿವರ್ಧಕ ಹೋಗಿ ಬಾಯಿಗೆ ಬಟ್ಟೆ ಬಂತು.

ಹಾಗೆ ಮಾಡಿದ ತಾರ್ಕುಂಡೆ ಯಾರು ಎಂಬುದೇ ಈ ಕಥೆಯ ಅತಿ ವಿಚಿತ್ರ ಭಾಗ. ಮಾನವೇಂದ್ರನಾಥ ರಾಯ್ ಅವರ ಶಿಷ್ಯ, ರ‍್ಯಾಡಿಕಲ್ ಡೆಮಾಕ್ರಟಿಕ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದವರು. ಮುಂದೆ ಜಯಪ್ರಕಾಶ ನಾರಾಯಣರ ಜೊತೆ ನಿಂತು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆಯೇ, ಪಿಯುಸಿಎಲ್ ಕಟ್ಟಿದವರು. ಭಾರತದಲ್ಲಿ ನಾಗರಿಕ ಸ್ವಾತಂತ್ರ್ಯದ ಹೋರಾಟಕ್ಕೆ ಅವರ ಹೆಸರೇ ವಿಳಾಸ. ಸೆನ್ಸಾರ್‌ಶಿಪ್‌ ಪರ ಒಲವಿದ್ದ ಮನುಷ್ಯ ಖಂಡಿತ ಅಲ್ಲ. ಆಡುವ ಮಾತು ನಾಳೆ ಪೇಟೆಯಲ್ಲಿ ಹರಡುತ್ತದೆಂಬ ಹೆದರಿಕೆ ಇಲ್ಲದಿದ್ದರೆ ಸಾಕ್ಷಿ ನಿಜ ಹೇಳಿಯಾನು ಎಂದು ಅವರಿಗೆ ಅನಿಸಿರಬೇಕು. ಸುಪ್ರೀಂ ಕೋರ್ಟ್ ಕೂಡ ಆಮೇಲೆ ಅವರ ಆದೇಶವನ್ನು ಹಾಗೆಯೇ ಅರ್ಥಮಾಡಿಕೊಂಡಿತು. ಒಳ್ಳೆಯವರ ಕೈಯಿಂದ, ಒಳ್ಳೆಯ ಉದ್ದೇಶಕ್ಕೆ ಹೊರಟ ಆದೇಶ ಎಂಬ ಕಾರಣಕ್ಕೇ ಇದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎನಿಸುತ್ತದೆ ನನಗೆ.

ಬ್ಲಿಟ್ಜ್ ವರದಿಗಾರ ನರೇಶ್ ಶ್ರೀಧರ್ ಮಿರಜ್ಕರ್ ಸುಮ್ಮನಿರಲಿಲ್ಲ. ಅದೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ಇದು ಹೈಕೋರ್ಟ್ ನ್ಯಾಯಮೂರ್ತಿಯ ನ್ಯಾಯಿಕ ಆದೇಶ, ಇದರ ಮೇಲೆ ಸಂವಿಧಾನದ 226ನೇ ವಿಧಿಯ ರಿಟ್ ನಡೆಯದು ಎಂದು ನವೆಂಬರ್ 10ರಂದು ವಿಭಾಗೀಯ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಆಗ ಮಿರಜ್ಕರ್ ಮತ್ತು ಇನ್ನೂ ಕೆಲವು ಪತ್ರಕರ್ತರು 32ನೇ ವಿಧಿಯಡಿ ನೆಟ್ಟಗೆ ಸುಪ್ರೀಂ ಕೋರ್ಟಿಗೆ ಹೋದರು. ವಾಕ್ ಸ್ವಾತಂತ್ರ್ಯ, ವೃತ್ತಿ ಸ್ವಾತಂತ್ರ್ಯ ಎರಡನ್ನೂ ಕಿತ್ತುಕೊಂಡಿದ್ದಾರೆ ಎಂದರು. ನ್ಯಾಯಾಧೀಶರ ಆದೇಶವೇ ಮೂಲಭೂತ ಹಕ್ಕನ್ನು ಮುರಿದರೆ ಕೇಳುವವರು ಯಾರು? ಪ್ರಶ್ನೆ ಎಷ್ಟು ದೊಡ್ಡದೆಂದು ಕಂಡಿತೆಂದರೆ ಒಂಬತ್ತು ಮಂದಿಯ ಪೀಠ ಕೂತಿತು.

ಪೀಠದ ಮುಖ್ಯಸ್ಥರು ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಹೆಸರೇ ಹೇಳುವಂತೆ ಮನೆತನ ನಮ್ಮ ಗಜೇಂದ್ರಗಡದ್ದು; ಪೂರ್ವಿಕರು ಸಾತಾರಕ್ಕೆ ಹೋಗಿ ನೆಲೆಸಿದವರು. ಕಾಲೇಜಿನ ಮೊದಲ ಎರಡು ವರ್ಷ ಅವರು ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಬಾಂಬೆ ಹೈಕೋರ್ಟಿನಲ್ಲಿ ಹನ್ನೆರಡು ವರ್ಷ ನ್ಯಾಯಮೂರ್ತಿಯಾಗಿದ್ದವರಾದ್ದರಿಂದ ಈಗ ತೂಗಬೇಕಿದ್ದುದು ತಮ್ಮ ಹಳೆಯ ಮನೆಯದೇ ಆದೇಶ. ಜೊತೆಯಲ್ಲಿ ಕೂತವರಲ್ಲಿ ಆರ್.ಎಸ್. ಬಚಾವತ್ ಕೂಡ ಇದ್ದರು. ಕೃಷ್ಣಾ ನೀರಿನ ಹಂಚಿಕೆಯಿಂದಾಗಿ ಕನ್ನಡಿಗರಿಗೆ ಆ ಹೆಸರು ಬೇರೆಯೇ ಕಾರಣಕ್ಕೆ ನೆನಪಿದೆ.

ತೀರ್ಪಿಗೆ ಹೋಗುವ ಮೊದಲು ಲಂಡನ್ನಿಗೊಮ್ಮೆ ಹೋಗಿಬರಬೇಕು, ಯಾಕೆಂದರೆ ಒಂಬತ್ತು ಮಂದಿಯೂ ಹೋಗಿದ್ದರು. 1913ರ 'ಸ್ಕಾಟ್ ವಿರುದ್ಧ ಸ್ಕಾಟ್' ಮೊಕದ್ದಮೆ ವ್ಯಾಪಾರದ್ದಲ್ಲ, ಸಂಸಾರದ್ದು. ಗಂಡ ಪುರುಷತ್ವಹೀನ ಎಂದು ಹೆಂಡತಿ ಮದುವೆ ರದ್ದು ಕೇಳಿದ್ದಳು, ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯಿತು. ತನ್ನ ಮೇಲಿನ ಅಪವಾದ ತೊಳೆಯಲು ಆಕೆ ವಿಚಾರಣೆಯ ನಕಲನ್ನು ಮಾವ, ನಾದಿನಿ ಮುಂತಾದವರಿಗೆ ಕಳಿಸಿದಳು. ನ್ಯಾಯಾಂಗ ನಿಂದನೆ ಎಂದಾಯಿತು. ಕೊನೆಗೆ ಹೌಸ್ ಆಫ್ ಲಾರ್ಡ್ಸ್ ಆಕೆಯ ಪರ ನಿಂತು, ಕೋರ್ಟು ತೆರೆದಿರಬೇಕು, ಮುಜುಗರ ಎಂಬುದು ಬಾಗಿಲು ಹಾಕಲು ಕಾರಣವಲ್ಲ ಎಂದಿತು. ಬಿಟ್ಟ ವಿನಾಯಿತಿಗಳು ಕೆಲವೇ: ಅಪ್ರಾಪ್ತರ, ಬುದ್ಧಿಭ್ರಮಣೆಯವರ ಪಾಲನೆಯ ವಿಷಯ, ಮತ್ತು ಗುಟ್ಟಿನ ತಯಾರಿಕಾ ವಿಧಾನದ ಮೇಲಿನ ದಾವೆ.

ಈ ಕೊನೆಯದೇ ನಮಗೆ ಬೇಕಾದದ್ದು. ಅದರ ತರ್ಕ ಸರಳ. ಮಿಠಾಯಿ ಅಂಗಡಿಯವನೊಬ್ಬ, ನನ್ನ ಪಾಕದ ಹದವನ್ನು ಕೆಲಸದವನು ಕದ್ದ ಎಂದು ಕೋರ್ಟಿಗೆ ಬಂದರೆ, ಆ ಹದವನ್ನು ತುಂಬಿದ ಕೋರ್ಟಿನಲ್ಲಿ ಬಿಡಿಸಿ ಹೇಳಿಸಿದ ಮೇಲೆ ಗೆದ್ದರೂ ಅವನಿಗೆ ಉಳಿಯುವುದೇನು? ಉಳಿಸಿಕೊಡಿ ಎಂದು ಕೇಳಿಬಂದ ವಸ್ತುವೇ ವಿಚಾರಣೆಯಲ್ಲಿ ನಾಶವಾಗುವುದಾದರೆ ಮಾತ್ರ ಬಾಗಿಲು ಹಾಕಬಹುದು. ಸಾಕ್ಷಿಗೆ ನಷ್ಟ, ಕಂಪನಿಗೆ ಕೆಟ್ಟ ಹೆಸರು ಇವು ಆ ಬಾಗಿಲಿನಿಂದ ಒಳಗೆ ಬರುವಂಥವಲ್ಲ.

1966ರ ಮಾರ್ಚ್ 3ರಂದು ತೀರ್ಪು ಬಂತು. ಎಂಟು ಮಂದಿ ಒಂದು ಕಡೆ, ಒಬ್ಬರು ಇನ್ನೊಂದು ಕಡೆ.

ಗಜೇಂದ್ರಗಡ್ಕರ್ ಅವರ ತೀರ್ಪಿನ ಮೊದಲ ಭಾಗ ಓದಿದರೆ ಪತ್ರಕರ್ತರು ಗೆದ್ದರೆಂದೇ ಅನಿಸುತ್ತದೆ. ನ್ಯಾಯ ಬಹಿರಂಗವಾಗಿ ನಡೆಯಬೇಕು, ಜನರ ಕಣ್ಣು ನ್ಯಾಯಾಧೀಶರ ಮರ್ಜಿಗೆ ಕಡಿವಾಣ ಎಂದು ಅವರು ಮನಸಾರೆ ಬರೆದಿದ್ದಾರೆ. ಆಮೇಲೆ ದಿಕ್ಕು ತಿರುಗುತ್ತದೆ. ತೆರೆದ ಕೋರ್ಟು ಇರುವುದು ನ್ಯಾಯಕ್ಕಾಗಿ. ನ್ಯಾಯಕ್ಕೇ ಅದು ಅಡ್ಡಿಯಾದರೆ ಅಪರೂಪಕ್ಕೆ ಮುಚ್ಚುವ ಅಂತರ್ಗತ ಅಧಿಕಾರ ಹೈಕೋರ್ಟಿಗಿದೆ. ಬಾಗಿಲನ್ನೇ ಹಾಕಬಲ್ಲ ಕೋರ್ಟಿಗೆ ಪ್ರಕಟಣೆಯನ್ನಷ್ಟೇ ತಡೆಯುವ ಅಧಿಕಾರ ಇಲ್ಲವೆನ್ನಲಾಗದು. ಇನ್ನು ತಾರ್ಕುಂಡೆ ಅವರ ಆದೇಶ ವಿಚಾರಣೆ ಮುಗಿಯುವವರೆಗೆ ಮಾತ್ರ, ಶಾಶ್ವತವಲ್ಲ ಎಂದು ಅರ್ಥಮಾಡಿಕೊಂಡರು. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಆದೇಶ ಕಾಗದದ ಮೇಲೇ ಇರಲಿಲ್ಲ. ಅದರಲ್ಲಿ ಅವಧಿಯ ಮಿತಿ ಇತ್ತೋ ಇಲ್ಲವೋ ಎಂಬುದನ್ನು ದೆಹಲಿಯಲ್ಲಿ ಕೂತವರು ಊಹೆಯಿಂದ ತುಂಬಬೇಕಾಯಿತು. ಬಾಯಿಮಾತಿನ ಆದೇಶಕ್ಕೆ ಇರುವ ಅನುಕೂಲವೇ ಅದು: ಕೊಟ್ಟವರಿಗಿಂತ ಸಮರ್ಥಿಸುವವರ ಕೈಯಲ್ಲಿ ಇನ್ನಷ್ಟು ಚೆಂದ ಕಾಣುತ್ತದೆ.

ಕೊನೆಗೆ, ಕಕ್ಷಿಗಳ ನಡುವಿನ ವ್ಯಾಜ್ಯದಲ್ಲಿ ನ್ಯಾಯಾಧೀಶರು ಕೊಡುವ ಆದೇಶ 19ನೇ ವಿಧಿಯ ಹಕ್ಕನ್ನು ಉಲ್ಲಂಘಿಸಿತು ಎನ್ನಲು ಬಾರದು, ಹೈಕೋರ್ಟಿನ ನ್ಯಾಯಿಕ ಆದೇಶದ ಮೇಲೆ ಸುಪ್ರೀಂ ಕೋರ್ಟಿನ ರಿಟ್ ಹೊರಡದು, ತಪ್ಪಿದ್ದರೆ ಮೇಲ್ಮನವಿ ಇದೆ ಎಂದು ಬಹುಮತ ಮುಗಿಸಿತು. ಕಾನೂನು ಕಾಲೇಜುಗಳಲ್ಲಿ ಇಂದಿಗೂ ಮಿರಜ್ಕರ್ ಪ್ರಕರಣ ಎಂದರೆ ಪಾಠ ಮಾಡುವುದು ಈ ಕೊನೆಯ ಭಾಗವನ್ನೇ. ವ್ಯಾಪಾರಿಯ ನಷ್ಟದ ಮಾತು ಅಡಿಟಿಪ್ಪಣಿಯಂತೆ ಸರಿದುಹೋಗುತ್ತದೆ.

ಆ ಒಬ್ಬರು ಎಂ. ಹಿದಾಯತುಲ್ಲಾ. ಅವರು ಆ ಮಾತನ್ನು ಸರಿಯಲು ಬಿಡಲಿಲ್ಲ. ಸಾಕ್ಷಿಯ ವ್ಯಾಪಾರಕ್ಕೆ ಧಕ್ಕೆಯಾಗುತ್ತದೆ ಎಂಬುದು ಸಾರ್ವಜನಿಕರ ಕಣ್ಣು ಮುಚ್ಚಲು ಕಾರಣವೇ ಅಲ್ಲ; ಕಾನೂನು ಹೇಳದ ಇಂಥ ಅಧಿಕಾರವನ್ನು ಅಂತರ್ಗತ ಎಂಬ ಹೆಸರಿನಲ್ಲಿ ಹುಟ್ಟಿಸಲಾಗದು; ನ್ಯಾಯಾಧೀಶರೂ ಮೂಲಭೂತ ಹಕ್ಕಿಗೆ ಚ್ಯುತಿ ತರಬಲ್ಲರು, ತಂದಾಗ ರಿಟ್ ಹೊರಡಲೇಬೇಕು ಎಂದು ಭಿನ್ನ ತೀರ್ಪು ಬರೆದರು. ಹಿದಾಯತುಲ್ಲಾ ಮುಂದೆ ಮುಖ್ಯ ನ್ಯಾಯಮೂರ್ತಿಯಾದರು, ಹಂಗಾಮಿ ರಾಷ್ಟ್ರಪತಿಯಾದರು, ಉಪರಾಷ್ಟ್ರಪತಿಯಾದರು. ಈ ತೀರ್ಪನ್ನು ಮಾತ್ರ ನೆನೆಯುವವರು ಕಡಿಮೆ. ತುರ್ತುಪರಿಸ್ಥಿತಿಯ ಕಾಲದ ಎಚ್.ಆರ್. ಖನ್ನಾ ಅವರ ಭಿನ್ನ ತೀರ್ಪಿಗೆ ಸಂದ ಗೌರವದ ಕಾಲುಭಾಗವೂ ಇದಕ್ಕೆ ಸಂದಿಲ್ಲ.

ನನ್ನ ಮಟ್ಟಿಗೆ ಎಂಟು ಮಂದಿಯ ತೀರ್ಪಿನ ದೊಡ್ಡ ಕೊರತೆ ಸಂವಿಧಾನದ ವ್ಯಾಖ್ಯಾನಕ್ಕಿಂತ ಕೆಳಗಿನದು, ತೀರ ಲೌಕಿಕವಾದದ್ದು. ನಷ್ಟವಾಯಿತು ಎಂದರಲ್ಲ, ಎಷ್ಟು ನಷ್ಟ? ಯಾವ ಗಿರಾಕಿ ಬಿಟ್ಟುಹೋದ, ಯಾವ ಸಾಲ ನಿಂತಿತು? ಹೋದ ವ್ಯಾಪಾರ ವರದಿಯಿಂದ ಹೋಯಿತೋ, ವರದಿಯಾದ ಸಂಗತಿಯಿಂದ ಹೋಯಿತೋ? ತೀರ್ಪಿನಲ್ಲಿ ಇದರ ಲೆಕ್ಕಾಚಾರ ಎಲ್ಲೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ ವಸೂಲಿಯ ದಾವೆಯಲ್ಲೂ ಲೆಕ್ಕದ ಪುಸ್ತಕ ಕೇಳುವ ಕೋರ್ಟು, ಪತ್ರಿಕೆಗಳ ಬಾಯಿ ಕಟ್ಟುವಾಗ ಏನೂ ಕೇಳಲಿಲ್ಲ.

ಮೂಲ ದಾವೆ ಏನಾಯಿತು? ಠಾಕರ್ಸಿ ಗೆದ್ದರು. ಕೇಳಿದ್ದ 3 ಲಕ್ಷಕ್ಕೂ ಡಿಕ್ರಿ ಆಯಿತು. ಮೇಲ್ಮನವಿಯಲ್ಲಿ ಅದು ಒಂದೂವರೆ ಲಕ್ಷಕ್ಕೆ ಇಳಿಯಿತು. ಇನ್ನು ಪತ್ರಿಕೆಯಲ್ಲಿ ತನ್ನ ಸಾಕ್ಷ್ಯ ಬಾರದಿರಲಿ ಎಂದು ಕೇಳಿದ ಆ ವ್ಯಾಪಾರಿಯ ಹೆಸರು, ಅವರ ಸಂಸ್ಥೆ, ಹಳೆಯ ಅಫಿಡವಿಟ್ಟಿನ ಕಥೆ ಎಲ್ಲವೂ ಸುಪ್ರೀಂ ಕೋರ್ಟಿನ ತೀರ್ಪಿನೊಳಗೆ ಸೇರಿಕೊಂಡು ಅಚ್ಚಾದವು. ಬ್ಲಿಟ್ಜ್ ಅಂದೇ ಹಾಕಿದ್ದರೆ ಮರುವಾರ ಕಡಲೆಕಾಯಿ ಪೊಟ್ಟಣವಾಗುತ್ತಿದ್ದ ಸುದ್ದಿ, ಪ್ರತಿ ವರ್ಷ ಕಾನೂನು ವಿದ್ಯಾರ್ಥಿಗಳು ಓದುವ ವಸ್ತುವಾಯಿತು.

1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 153ಬಿ ಎಂಬ ಕಲಂ ಸೇರಿತು. ಸಿವಿಲ್ ವಿಚಾರಣೆ ನಡೆಯುವ ಜಾಗ ತೆರೆದ ಕೋರ್ಟು, ಬೇಕೆನಿಸಿದರೆ ಜನರನ್ನೋ ಯಾರೋ ಒಬ್ಬರನ್ನೋ ಹೊರಗಿಡಬಹುದು ಎಂದು ಅದು ಹೇಳಿತು. ಅಲ್ಲಿಂದ ಮುಂದೆ ಬಹುಕಾಲ ಮಿರಜ್ಕರ್ ತೀರ್ಪು ಸದ್ದಿಲ್ಲದೆ ಪುಸ್ತಕದಲ್ಲಿತ್ತು.

ಎಬ್ಬಿಸಿದ್ದು ಮತ್ತೆ ವ್ಯಾಪಾರದ ಗುಟ್ಟೇ. 2012ರ ಫೆಬ್ರುವರಿಯಲ್ಲಿ ಸಹಾರಾ ಮತ್ತು ಸೆಬಿ ನಡುವಿನ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿತ್ತು. ಹೂಡಿಕೆದಾರರ ಹಣಕ್ಕೆ ಭದ್ರತೆಯಾಗಿ ಏನು ಕೊಡಬಲ್ಲೆವು, ಆಸ್ತಿಯ ಮೌಲ್ಯವೆಷ್ಟು ಎಂಬ ಪ್ರಸ್ತಾವವನ್ನು ಸಹಾರಾ ವಕೀಲರು ಸೆಬಿ ವಕೀಲರಿಗೆ ಗೋಪ್ಯವಾಗಿ ಕಳಿಸಿದ್ದರು. ವಿಚಾರಣೆಯ ಹಿಂದಿನ ದಿನ ಅದು ಟಿ.ವಿ. ಚಾನೆಲ್ ಒಂದರ ಪರದೆಯ ಮೇಲೆ ಬಂತು. ಸೋರಿದ್ದು ನಮ್ಮಿಂದಲ್ಲ ಎಂದಿತು ಸೆಬಿ. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಐವರ ಪೀಠ ಕೂರಿಸಿ, ದೇಶದ ಮಾಧ್ಯಮಗಳೆಲ್ಲ ಬಂದು ವಾದಿಸುವಷ್ಟು ದೊಡ್ಡ ವಿಚಾರಣೆ ನಡೆಸಿದರು. ಸೆಪ್ಟೆಂಬರ್ 11ರ ತೀರ್ಪಿನಲ್ಲಿ ಮಿರಜ್ಕರ್ ಆಧಾರದ ಮೇಲೆ ಹೊಸದೊಂದು ಅಸ್ತ್ರ ಸಿದ್ಧವಾಯಿತು: 'ಮುಂದೂಡಿಕೆ ಆದೇಶ'. ನ್ಯಾಯಯುತ ವಿಚಾರಣೆಗೆ ನಿಜವಾದ, ಗಣನೀಯವಾದ ಅಪಾಯವಿದ್ದರೆ, ಬೇರೆ ದಾರಿ ಇಲ್ಲದಿದ್ದರೆ, ಅಲ್ಪಾವಧಿಗೆ ವರದಿಯನ್ನು ತಡೆಹಿಡಿಯಬಹುದು. ತಾರ್ಕುಂಡೆ ಆದೇಶಕ್ಕಿಂತ ಇದು ಎಷ್ಟೋ ಶಿಸ್ತಿನದು. ಆದರೂ ಹೊರಟ ಊರು ಅದೇ.

ನಿಜವಾದ ಗುಟ್ಟಿಗೆ ತಕ್ಕ ವ್ಯವಸ್ಥೆಯನ್ನು ನಮ್ಮ ಕೋರ್ಟುಗಳು ಕಂಡುಕೊಂಡೇ ಇವೆ, ಅದನ್ನೂ ಹೇಳಬೇಕು. ಮೊಬೈಲ್ ಕಂಪನಿಗಳ ಪೇಟೆಂಟ್ ಜಗಳಗಳು ದೆಹಲಿ ಹೈಕೋರ್ಟಿಗೆ ಬಂದಾಗ, ಬೇರೆ ಕಂಪನಿಗಳಿಗೆ ಎಷ್ಟಕ್ಕೆ ಲೈಸೆನ್ಸ್ ಕೊಟ್ಟಿದ್ದೀರಿ ಎಂಬ ಒಪ್ಪಂದಗಳನ್ನು ತೋರಿಸಲೇಬೇಕಾಯಿತು. ಪ್ರತಿಸ್ಪರ್ಧಿಗೆ ಅದು ಸಿಕ್ಕರೆ ನಾಳೆಯ ಚೌಕಾಸಿಯೇ ಕೆಡುತ್ತದೆ. ಇದಕ್ಕೆ 'ಕಾನ್ಫಿಡೆನ್ಶಿಯಾಲಿಟಿ ಕ್ಲಬ್' ಹುಟ್ಟಿತು. ದೆಹಲಿ ಹೈಕೋರ್ಟಿನ 2018ರ ನಿಯಮಗಳಲ್ಲಿ ಇದರ ಕ್ರಮ ವಿವರವಾಗಿದೆ. ಪ್ರತಿ ಪಕ್ಷದಿಂದ ಮೂವರು ಮೀರದಂತೆ ವಕೀಲರು, ಅವರು ಕಂಪನಿಯ ನೌಕರಿಯಲ್ಲಿರುವ ವಕೀಲರಾಗಿರಕೂಡದು. ಇಬ್ಬರು ಮೀರದಂತೆ ಹೊರಗಿನ ಪರಿಣತರು. ಕಾಗದಗಳು ರಿಜಿಸ್ಟ್ರಾರ್ ಜನರಲ್ ಬಳಿ ಮೊಹರಾಗಿ ಇರುತ್ತವೆ. ಕ್ಲಬ್ಬಿನವರು ಬಂದು ಅವರೆದುರೇ ನೋಡಬೇಕು, ನಕಲು ಮಾಡುವಂತಿಲ್ಲ, ನೋಡಿ ಮುಗಿದ ಮೇಲೆ ಮತ್ತೆ ಮೊಹರು. ಇದು ಮಿಠಾಯಿಯವನ ಪಾಕಕ್ಕೆ ಸರಿಯಾದ ಡಬ್ಬಿ. ಎದುರಾಳಿಯ ವಕೀಲ ನೋಡುತ್ತಾನೆ, ಪ್ರಶ್ನಿಸುತ್ತಾನೆ. ಎದುರಾಳಿ ವ್ಯಾಪಾರಿಗೆ ಮಾತ್ರ ಸಿಗದು.

ಮುಚ್ಚಿದ ಲಕೋಟೆಯ ಜಾತಿ ಬೇರೆ. ಅಂದು ಬೊಂಬಾಯಿಯಲ್ಲಿ ಸಾಕ್ಷಿ ಹೇಳಿದ್ದನ್ನು ಕೋರ್ಟಿನಲ್ಲಿದ್ದ ಎಲ್ಲರೂ ಕೇಳಿದ್ದರು, ಅಚ್ಚು ಹಾಕುವಂತಿರಲಿಲ್ಲ ಅಷ್ಟೆ. ಲಕೋಟೆಯಲ್ಲಿ ಬಂದದ್ದನ್ನು ಎದುರು ಪಕ್ಷದ ವಕೀಲರೂ ನೋಡುವಂತಿಲ್ಲ. ಕೊಟ್ಟವರಿಗೆ ಗೊತ್ತು, ಜಡ್ಜ್‌ಗೆ ಗೊತ್ತು. 500 ಕೋಟಿ ರೂಪಾಯಿಗೂ ಮೇಲ್ಪಟ್ಟು ಸಾಲ ಉಳಿಸಿಕೊಂಡವರ ಪಟ್ಟಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಕೇಳಿದಾಗ ರಿಸರ್ವ್ ಬ್ಯಾಂಕ್ ಕೊಟ್ಟದ್ದು ಲಕೋಟೆಯಲ್ಲಿ. ಹೆಸರು ಹೊರಗೆ ಬಂದರೆ ವ್ಯಾಪಾರಕ್ಕೆ, ಬ್ಯಾಂಕಿಗೆ ಹಾನಿ ಎಂಬುದೇ ವಾದ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2015ರ ಡಿಸೆಂಬರಿನಲ್ಲಿ, ಮಾಹಿತಿ ಹಕ್ಕಿನ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಗೋಪ್ಯತೆಯ ವಾದವನ್ನು ತಿರಸ್ಕರಿಸಿತ್ತು ಎಂಬುದು ಬೇರೆ ಮಾತು.

ಚುನಾವಣಾ ಬಾಂಡಿನ ಕಥೆ ಇನ್ನೂ ಹಸಿಯಾಗಿದೆ. ದೇಣಿಗೆ ಕೊಟ್ಟ ಕಂಪನಿಗಳ ಗೋಪ್ಯತೆ ಉಳಿಯಬೇಕು, ಇಲ್ಲದಿದ್ದರೆ ಬೇರೆ ಪಕ್ಷಗಳು ಹಗೆ ಸಾಧಿಸುತ್ತವೆ ಎಂದು ಸರ್ಕಾರ ವಾದಿಸಿತ್ತು. 2019ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್, ಪಕ್ಷಗಳು ತಮಗೆ ಬಂದ ಬಾಂಡುಗಳ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಚುನಾವಣಾ ಆಯೋಗಕ್ಕೆ ಕೊಡಲಿ ಎಂದಿತು. ಲಕೋಟೆ ಹಾಗೆಯೇ ಕೂತಿತು, ಆ ಲೋಕಸಭಾ ಚುನಾವಣೆ ಮುಗಿಯಿತು, ಐದು ವರ್ಷ ಉರುಳಿತು. 2024ರ ಫೆಬ್ರುವರಿ 15ರಂದು ಯೋಜನೆಯೇ ಅಸಾಂವಿಧಾನಿಕ ಎಂಬ ತೀರ್ಪು ಬಂದ ಮೇಲೆ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ದಾನಿಗಳ ವಿವರ ಮುಂಬೈ ಮುಖ್ಯ ಶಾಖೆಯಲ್ಲಿ ಮೊಹರಾದ ಲಕೋಟೆಗಳಲ್ಲಿದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಮಾರ್ಚ್ 11ರಂದು ಕೋರ್ಟ್ ಅದನ್ನು ಒಪ್ಪಲಿಲ್ಲ. ಮಾರ್ಚ್ 17ರಂದು ಆಯೋಗ ಪಕ್ಷಗಳ ಲಕೋಟೆಯಲ್ಲಿದ್ದುದನ್ನೂ ಪ್ರಕಟಿಸಿತು. ಕೊಟ್ಟವರ ಹೆಸರು ಸಮೇತ ವಿವರ ಬರೆದಿದ್ದ ಬೆರಳೆಣಿಕೆಯ ಪಕ್ಷಗಳಲ್ಲಿ ನಮ್ಮ ಜೆಡಿಎಸ್ ಒಂದು. ಹೆಸರುಗಳು ಹೊರಬಿದ್ದವು, ಮರುದಿನ ಆ ಕಂಪನಿಗಳೆಲ್ಲ ಎಂದಿನಂತೆ ಬಾಗಿಲು ತೆರೆದವು.

ಲಕೋಟೆಯ ವಿರುದ್ಧ ಸುಪ್ರೀಂ ಕೋರ್ಟಿನೊಳಗೇ ದನಿ ಗಟ್ಟಿಯಾದದ್ದು 2023ರಲ್ಲಿ. ಫೆಬ್ರುವರಿಯಲ್ಲಿ ಅದಾನಿ–ಹಿಂಡನ್‌ಬರ್ಗ್ ವಿಷಯದ ಸಮಿತಿಗೆ ಸರ್ಕಾರ ಲಕೋಟೆಯಲ್ಲಿ ಹೆಸರು ಕೊಡಲು ಬಂದಾಗ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ತೆಗೆದುಕೊಳ್ಳಲಿಲ್ಲ. ಏಪ್ರಿಲ್ 5ರಂದು ಕೇರಳದ ಮೀಡಿಯಾಒನ್ ವಾಹಿನಿಯ ಪ್ರಕರಣದಲ್ಲಿ, ಲಕೋಟೆಯ ಪದ್ಧತಿ ಸಹಜ ನ್ಯಾಯಕ್ಕೂ ತೆರೆದ ನ್ಯಾಯಕ್ಕೂ ವಿರುದ್ಧ, ಗೋಪ್ಯ ಬೇಕೆನ್ನುವವರು ಯಾಕೆ ಬೇಕೆಂದು ಸಾಬೀತುಮಾಡಬೇಕು ಎಂದು ಅವರೂ ಹಿಮಾ ಕೊಹ್ಲಿ ಅವರೂ ತೀರ್ಪಿತ್ತರು. ಹಿದಾಯತುಲ್ಲಾ ಅವರ ದಾರಿಗೆ ಸುಪ್ರೀಂ ಕೋರ್ಟ್ ಬಂದು ಸೇರಲು 57 ವರ್ಷ ಹಿಡಿಯಿತು.

ಸೇರಿತು ಎನ್ನುವುದೂ ಪೂರ್ತಿ ಸರಿಯಲ್ಲ. 2018ರಲ್ಲಿ ಕೋರ್ಟ್ ಕಲಾಪದ ನೇರಪ್ರಸಾರಕ್ಕೆ ಒಪ್ಪಿಗೆ ಕೊಟ್ಟ ತೀರ್ಪು ಮಿರಜ್ಕರ್ ತೀರ್ಪಿನ ಮೊದಲ ಭಾಗವನ್ನು ಆಧಾರ ಮಾಡಿಕೊಂಡಿತು; ಆ ಹಾದಿಯಲ್ಲೇ ಕರ್ನಾಟಕ ಹೈಕೋರ್ಟಿನ ನೇರಪ್ರಸಾರ ನಿಯಮಗಳು ಬಂದವು. ವರದಿ ತಡೆಯಿರಿ ಎಂದು ಬರುವ ವಕೀಲರು ಅದೇ ತೀರ್ಪಿನ ಎರಡನೇ ಭಾಗವನ್ನು ಓದುತ್ತಾರೆ. ಮೀಡಿಯಾಒನ್ ತೀರ್ಪು ಕೊಟ್ಟದ್ದು ಇಬ್ಬರ ಪೀಠ, ಸಹಾರಾ ತೀರ್ಪು ಐವರದು, ಮಿರಜ್ಕರ್ ಒಂಬತ್ತು ಮಂದಿಯದು. ಅದಕ್ಕಿಂತ ದೊಡ್ಡ ಪೀಠ ಕೂತು ಬದಲಿಸುವವರೆಗೆ, ನ್ಯಾಯದ ಹಿತಕ್ಕೆಂದು ಸಾಕ್ಷ್ಯದ ವರದಿಯನ್ನು ತಡೆಯುವ ಹೈಕೋರ್ಟಿನ ಅಧಿಕಾರ ಈ ದೇಶದಲ್ಲಿ ಇಂದಿಗೂ ಊರ್ಜಿತ.